ಹುಡುಗಿಯರ ಫುಟ್‌ಬಾಲ್: ಮುಂಬೈಗೆ ಬೇರೆ ತಂಡವಿಲ್ಲ

‘ಜೂನಿಯರ್ ಬಾಲಕಿಯರ ರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಮುಂಬೈಗೆ ಪ್ರತ್ಯೇಕ ತಂಡವಿದೆ, ಕನ್ನಡದ ಹುಡುಗಿಯರು ಕರ್ನಾಟಕಕ್ಕೆ ಹೋಗಿಯೇ ಆಡಬೇಕು, ಗೆದ್ದವರಿಗೆ ರಾಜಮಾತಾ ಜೀಜಾಬಾಯಿ ಟ್ರೋಫಿ’ ಎಂಬ ಸಂದೇಶ ಮುಂಬೈ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೂರೂ ತಪ್ಪು.

ಗೊಂದಲ ಬಂದಿರುವುದು ಬಹುಶಃ ಕ್ರಿಕೆಟ್‌ನಿಂದ. ರಣಜಿಯಲ್ಲಿ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂದು ಒಂದೇ ರಾಜ್ಯದಿಂದ ಮೂರು ತಂಡಗಳು ಇಳಿಯುತ್ತವೆ. ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಇಡೀ ಮಹಾರಾಷ್ಟ್ರಕ್ಕೆ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್ ಒಂದೇ ರಾಜ್ಯ ಸಂಸ್ಥೆ. ಮುಂಬೈ ಪಕ್ಕದ ಡೊಂಬಿವಲಿಯ ಹುಡುಗಿಯೂ ಪುಣೆಯ ಹುಡುಗಿಯೂ ಆಯ್ಕೆಯಾದರೆ ತೊಡುವುದು ಮಹಾರಾಷ್ಟ್ರದ ಜೆರ್ಸಿಯನ್ನೇ.

ಮನೆಮಾತು ನೋಡಿ ತಂಡ ಹಂಚುವ ನಿಯಮ ಎಲ್ಲೂ ಇಲ್ಲ. ಇಲ್ಲೇ ಶಾಲೆಗೆ ಹೋಗಿ, ಇಲ್ಲಿನ ಕ್ಲಬ್‌ನಲ್ಲಿ ನೋಂದಾಯಿಸಿಕೊಂಡು ಆಡುವ ಮಗಳನ್ನು ಈ ಸಂದೇಶ ನಂಬಿ ಟ್ರಯಲ್ಸ್‌ನಿಂದ ಹಿಂದೆ ಸರಿಸಬೇಡಿ. ಕಳೆದುಹೋದ ವಯೋಮಿತಿ ಮತ್ತೆ ಬರುವುದಿಲ್ಲ.

ಇನ್ನು ಟ್ರೋಫಿ: ರಾಜಮಾತಾ ಜೀಜಾಬಾಯಿ ಹೆಸರಿನದು ಸೀನಿಯರ್ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನದು, ಮಣಿಪುರ 20ಕ್ಕೂ ಹೆಚ್ಚು ಬಾರಿ ಗೆದ್ದದ್ದು ಅದನ್ನೇ. ಬಾಲಕಿಯರ ಚಾಂಪಿಯನ್‌ಷಿಪ್ ಬೇರೆಯೇ. ಟ್ರಯಲ್ಸ್ ದಿನಾಂಕವನ್ನು ನಿಮ್ಮ ಜಿಲ್ಲಾ ಫುಟ್‌ಬಾಲ್ ಸಂಸ್ಥೆಯಲ್ಲೇ ಕೇಳಿ.