ಎಂ.ಎ. ಎಜುಕೇಷನ್ ಮಾಡಿದ್ರೆ ಹೆಡ್‌ಮೇಡಂ ಆಗ್ತೀವಾ?

ಹೋದ ತಿಂಗಳು ನಮ್ಮ ಕ್ಲಸ್ಟರಿನ, ಅಂದರೆ ಸುತ್ತಮುತ್ತಲ ಶಾಲೆಗಳ ಶಿಕ್ಷಕರ, ಸಮಾಲೋಚನಾ ಸಭೆ ಇತ್ತು. ಮಧ್ಯದಲ್ಲಿ ಮಂಡಕ್ಕಿ, ಮಿರ್ಚಿ, ಚಹಾ ಬಂತು. ದಾವಣಗೆರೆ ಕಡೆ ಇದು ಇಲ್ಲದೆ ಸಭೆಯೇ ಇಲ್ಲ ಬಿಡಿ. ಪಕ್ಕದೂರಿನ ಶಾಲೆಗೆ ಐದು ವರ್ಷದ ಹಿಂದೆ ಬಂದ ಮೇಷ್ಟ್ರೊಬ್ಬರು ಲೋಟ ಹಿಡಿದುಕೊಂಡು ನನ್ನ ಬೆಂಚಿಗೆ ಬಂದು ಕೂತರು.

"ಮೇಡಂ, ನೀವು ಎಜುಕೇಷನ್‌ನಲ್ಲಿ ಎಂ.ಎ. ಮಾಡಿದ್ದೀರಂತೆ. ನಾನೂ ಮಾಡಿದ್ರೆ ಬೇಗ ಎಚ್.ಎಂ. ಆಗಬಹುದಾ?"

"ಆಗಲ್ಲ ಸರ್" ಅಂದೆ. ಪಾಪ, ಅವರ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಕ್ಲಸ್ಟರ್ ನೋಡಿಕೊಳ್ಳುವ ಸಿ.ಆರ್.ಪಿ. ಸರ್ ಮತ್ತೆ ಸಭೆ ಶುರು ಮಾಡಿದರು. ಅವತ್ತು ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕರ, ಅಂದರೆ ಎಚ್.ಎಂ. ಕುರ್ಚಿ ಬರುವುದು ಜ್ಯೇಷ್ಠತಾ ಪಟ್ಟಿಯಿಂದ. ಆ ಪಟ್ಟಿ ನೋಡುವುದು ನೀವು ಕೆಲಸಕ್ಕೆ ಸೇರಿದ ತಾರೀಖನ್ನು. ಆಮೇಲೆ ಏನು ಓದಿದಿರಿ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಎಷ್ಟೋ ಜನರಿಗೆ ಕುರ್ಚಿ ಸಿಗುವಾಗ ನಿವೃತ್ತಿಗೆ ಮೂರೋ ನಾಲ್ಕೋ ವರ್ಷ ಉಳಿದಿರುತ್ತದೆ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಶಾಲು, ಹಾರ, ಬೀಳ್ಕೊಡುಗೆ ಭಾಷಣ.

ಖಾಸಗಿಯವರ ಲೆಕ್ಕ ಬೇರೆ. ಸಿ.ಬಿ.ಎಸ್‌.ಇ. ಶಾಲೆಯ ಪ್ರಿನ್ಸಿಪಾಲ್ ಹುದ್ದೆಗೆ ಸ್ನಾತಕೋತ್ತರ ಪದವಿ, ಬಿ.ಎಡ್., ಅನುಭವ ಮೂರನ್ನೂ ಕೇಳುತ್ತಾರೆ. ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಸಾಮಾನ್ಯವಾಗಿ ಎಂ.ಎಡ್. ಬೇಕು, ಅದರಲ್ಲೂ 55 ಪರ್ಸೆಂಟ್ ಇರಬೇಕು. ಈ ಎಂ.ಎಡ್. ಮೊದಲು ಒಂದು ವರ್ಷದ್ದಾಗಿತ್ತು, 2015ರಿಂದ ಎರಡು ವರ್ಷ ಆಯಿತು. ದಿನಾ ಕ್ಲಾಸಿಗೆ ಹೋಗಬೇಕು. ಕೆಲಸ, ಮನೆ, ಅತ್ತೆಯವರ ಮಂಡಿನೋವು ಎಲ್ಲ ಇಟ್ಟುಕೊಂಡು ನನ್ನಿಂದ ಆಗುವ ಮಾತಾಗಿರಲಿಲ್ಲ. ಅದಕ್ಕೇ ಇಗ್ನೋ ಅನ್ನುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಹಿಡಿದೆ. ಮನೆಯಲ್ಲೇ ಓದು, ಜೂನ್ ಇಲ್ಲವೇ ಡಿಸೆಂಬರ್‌ನಲ್ಲಿ ಪರೀಕ್ಷೆ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೂ ಎಳೆಯಬಹುದು. ನಾನು ಮೂರು ವರ್ಷ ಎಳೆದೆ. ಫೀಸು ಎಲ್ಲ ಸೇರಿ ನನ್ನ ಒಂದು ತಿಂಗಳ ಸಂಬಳವೂ ಆಗಲಿಲ್ಲ.

ಓದುವುದಕ್ಕೆ ಇಲಾಖೆಯ ಅನುಮತಿ ಪಡೆಯುವುದೇ ಒಂದು ದೊಡ್ಡ ಕೋರ್ಸು. ನನ್ನ ಅರ್ಜಿ ನಾಲ್ಕು ತಿಂಗಳು ಕಾಣೆಯಾಗಿತ್ತು. ಮೂರನೇ ಸಲ ಕಚೇರಿಗೆ ಹೋದಾಗ ಇನ್ಯಾರದೋ ವೈದ್ಯಕೀಯ ಬಿಲ್ಲಿನ ಫೈಲಿನ ಹೊಟ್ಟೆಯಲ್ಲಿ ಸಿಕ್ಕಿತು.

ಇನ್ನು ಪುಸ್ತಕ. ಅವು ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನನ್ನ ಡಿ.ಎಡ್., ಬಿ.ಎ. ಎರಡೂ ಕನ್ನಡದಲ್ಲಿ ಆಗಿದ್ದು. ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಕೂತರೆ ಒಂದು ಪುಟಕ್ಕೆ ಮುಕ್ಕಾಲು ಗಂಟೆ. ಒಂದೊಂದು ವಾಕ್ಯ ನಾಲ್ಕು ಸಲ ಓದಬೇಕು. ಅಕ್ಷರ ಎಲ್ಲಾ ಗೊತ್ತು, ಅರ್ಥ ಮಾತ್ರ ಆಗುತ್ತಿಲ್ಲ. ಹೀಗೆ ಒಂದು ರಾತ್ರಿ ಕೂತಿದ್ದಾಗ ನಮ್ಮ ನಾಲ್ಕನೇ ಕ್ಲಾಸಿನ ತಾಂಡಾದ ಹುಡುಗಿಯೊಬ್ಬಳು ನೆನಪಾದಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಪಾಠವನ್ನು ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ ಓದುತ್ತಿದ್ದಳು. ಪ್ರಶ್ನೆ ಕೇಳಿದರೆ ಸುಮ್ನೆ ನಿಲ್ಲುತ್ತಿದ್ದಳು. "ಓದೋಕೆ ಬರುತ್ತೆ, ಹೇಳೋಕೆ ಏನು ಕಷ್ಟ?" ಅಂತ ಎಷ್ಟು ಸಲ ಬೈದಿದ್ದೆನೋ. ಹದಿನೆಂಟು ವರ್ಷ ಪಾಠ ಮಾಡಿದ ಮೇಲೆ, ನಾನೇ ಅವಳ ಜಾಗದಲ್ಲಿ ಕೂತಾಗ ಗೊತ್ತಾಯಿತು. ಇದು ಯಾವ ಪೇಪರಿನ ಸಿಲಬಸ್ಸಿನಲ್ಲೂ ಇರಲಿಲ್ಲ.

ಸಿಲಬಸ್ಸಿನಲ್ಲಿ ಇದ್ದದ್ದು ಬೇರೆ. ನಾನು ಆರಿಸಿಕೊಂಡಿದ್ದು ಶೈಕ್ಷಣಿಕ ನಿರ್ವಹಣೆ. ಅಲ್ಲಿ 'ಪೋಸ್ಡ್‌ಕಾರ್ಬ್' ಅಂತ ಒಂದು ಬರುತ್ತದೆ. 1937ರಲ್ಲಿ ಲೂಥರ್ ಗ್ಯುಲಿಕ್ ಅನ್ನುವವರು ಆಡಳಿತಗಾರನ ಏಳು ಕೆಲಸಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಕಟ್ಟಿದ ಪದ. ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಹೊಂದಾಣಿಕೆ, ವರದಿ, ಬಜೆಟ್. ಬಾಯಿಪಾಠ ಮಾಡಿದೆ. ಮಾರನೇ ದಿನವೇ ಶಾಲೆಯಲ್ಲಿ ಗ್ಯಾಸ್ ಸಿಲಿಂಡರ್ ಖಾಲಿ, ಮುಖ್ಯ ಅಡುಗೆಯವರು ಮದುವೆಗೆ ಹೋಗಿದ್ದಾರೆ, 126 ಮಕ್ಕಳು ತಟ್ಟೆ ಬಡಿಯುತ್ತಿದ್ದಾರೆ. ಇದು ಏಳರಲ್ಲಿ ಯಾವುದು ಗ್ಯುಲಿಕ್ ಸರ್?

ಎಕ್ಸ್, ವೈ ಸಿದ್ಧಾಂತ ಮಾತ್ರ ಬಹಳ ಹಿಡಿಸಿತು. 1960ರಲ್ಲಿ ಮೆಕ್‌ಗ್ರೆಗರ್ ಅನ್ನುವ ನಿರ್ವಹಣಾ ತಜ್ಞರು ಹೇಳಿದ್ದು. ಜನ ಸೋಮಾರಿಗಳು, ಕಾವಲು ಕಾಯದಿದ್ದರೆ ಕೆಲಸ ಮಾಡಲ್ಲ ಅಂತ ನಂಬುವುದು ಎಕ್ಸ್. ಜವಾಬ್ದಾರಿ ಕೊಟ್ಟರೆ ತಾವೇ ಮಾಡುತ್ತಾರೆ ಅಂತ ನಂಬುವುದು ವೈ. ಅವತ್ತಿನಿಂದ ವಾಟ್ಸಾಪಿಗೆ ಮೇಲಿನವರಿಂದ ಸಂಜೆ ಆರಕ್ಕೆ "ಇಂದೇ, ಈ ಕೂಡಲೇ, ತಪ್ಪಿದಲ್ಲಿ ತಮ್ಮನ್ನೇ ಹೊಣೆ ಮಾಡಲಾಗುವುದು" ಅಂತ ಮೆಸೇಜ್ ಬಂದಾಗಲೆಲ್ಲ ನಾನು, ನನ್ನ ಸಹೋದ್ಯೋಗಿ ಮೇಡಂ ಒಬ್ಬರ ಮುಖ ಒಬ್ಬರು ನೋಡಿ "ಎಕ್ಸ್" ಅನ್ನುತ್ತೇವೆ.

ಮೂರನೇ ವರ್ಷದಲ್ಲಿ ನಮ್ಮ ಎಚ್.ಎಂ. ನಿವೃತ್ತರಾದರು. ಹುದ್ದೆ ಖಾಲಿ ಬಿತ್ತು. ಸೇವೆಯಲ್ಲಿ ಶಾಲೆಗೆ ಹಿರಿಯಳು ನಾನೇ, ಹಾಗಾಗಿ ಪ್ರಭಾರ ನನ್ನ ತಲೆಗೆ. ಪ್ರಭಾರ ಅಂದರೆ ಗೊತ್ತಲ್ಲ, ನಿಮ್ಮ ಕ್ಲಾಸೂ ನಿಮ್ಮದೇ, ಶಾಲೆಯೂ ನಿಮ್ಮದೇ. ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿ ನೋಡಿ. ಅದು ಮುಖ್ಯ ಶಿಕ್ಷಕರನ್ನು ಹೇಳುವುದು 1ರಿಂದ 5ರಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ, 6ರಿಂದ 8ರಲ್ಲಿ 100ಕ್ಕಿಂತ ಜಾಸ್ತಿ ಇದ್ದರೆ. ಸಣ್ಣ ಶಾಲೆಗಳಲ್ಲಿ ನಾಯಕತ್ವ ಅನ್ನುವುದು ಬಹುತೇಕ ನನ್ನಂಥ ಪ್ರಭಾರಿಗಳೇ ಎಳೆಯುವ ಗಾಡಿ. ದೆಹಲಿಯ ನೀಪಾದಲ್ಲಿ, ಅಂದರೆ ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆಯಲ್ಲಿ, 2012ರಿಂದ ಶಾಲಾ ನಾಯಕತ್ವಕ್ಕೆ ಅಂತಲೇ ಒಂದು ರಾಷ್ಟ್ರೀಯ ಕೇಂದ್ರ ಇದೆ. ಒಳ್ಳೆಯದೇ. ಆದರೆ ನನಗೆ ಸಿಕ್ಕ ತರಬೇತಿ ಅಂದರೆ ಚಾರ್ಜ್ ಲಿಸ್ಟ್. ಕ್ಯಾಶ್ ಬುಕ್, ದಾಸ್ತಾನು ಪುಸ್ತಕ, ಅಕ್ಕಿ ಇಷ್ಟು ಕೆ.ಜಿ., ಬೇಳೆ ಇಷ್ಟು, 23 ಬೀಗದ ಕೈ ಇರುವ ಒಂದು ಗೊಂಚಲು. ಅದರಲ್ಲಿ ಎರಡು ಯಾವ ಬೀಗಕ್ಕೂ ಹೊಂದಲಿಲ್ಲ.

ಆ ಹೊತ್ತಿಗೆ ನನ್ನ ಎಂ.ಎ. ಪ್ರಬಂಧವೂ ಬಾಕಿ ಇತ್ತು. ಮಕ್ಕಳ ಗೈರುಹಾಜರಿ ಅಂತ ವಿಷಯ ತೆಗೆದುಕೊಂಡೆ. ನಮ್ಮ ಶಾಲೆಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿತ್ತು. ಬುಧವಾರ ಸಂತೆ, ಅವತ್ತು ಮಕ್ಕಳು ಬರಲ್ಲ. ಜೊತೆಗೆ, ತಾಂಡಾದವರೇ ಹಾಗೆ. ನಾನೂ ಇದನ್ನು ಹೇಳಿಕೊಂಡೇ ಬಂದವಳು. ಪ್ರಬಂಧಕ್ಕೆ ಅಂಕಿಅಂಶ ಬೇಕಿತ್ತಲ್ಲ, ಆರು ತಿಂಗಳ ಹಾಜರಿ ಪುಸ್ತಕ ಮನೆಗೆ ತಂದು ವಾರದ ದಿನದ ಪ್ರಕಾರ ಗೀಟು ಹಾಕುತ್ತಾ ಹೋದೆ. ಸಂತೆ ದಿನ ಅಷ್ಟೇನೂ ಕಡಿಮೆ ಇಲ್ಲ. ಬಿದ್ದಿರುವುದು ಶನಿವಾರ. ಅದೂ ಬರೀ ಹನ್ನೊಂದು ಹೆಸರು, ಮತ್ತೆ ಮತ್ತೆ ಅವೇ. ಎಲ್ಲ ತಾಂಡಾದ ಮಕ್ಕಳು.

ಶನಿವಾರ ನಮ್ಮದು ಬೆಳಗಿನ ಶಾಲೆ, ಎಂಟಕ್ಕೆ ಶುರು. ತಾಂಡಾ ಮೂರು ಕಿಲೋಮೀಟರ್. ಬಸ್ಸು ಊರಿಗೆ ಬರುವುದು ಎಂಟೂ ಮುಕ್ಕಾಲಿಗೆ. ಬಂದ ಮಕ್ಕಳಿಗೆ ಏನು ಕಾಣುತ್ತದೆ? ಮೈದಾನದಲ್ಲಿ ಸಾಮೂಹಿಕ ಕವಾಯತು ನಡೆಯುತ್ತಿರುತ್ತದೆ. ತಡವಾದವರು ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು, ಇಡೀ ಶಾಲೆ ನೋಡುತ್ತಿರಬೇಕು. ಹಾಜರಿಯೂ ಆಗಿಹೋಗಿರುತ್ತದೆ. "ಅದಕ್ಕೇ ಬರಲ್ಲ ಮಿಸ್" ಅಂದ ಆರನೇ ಕ್ಲಾಸಿನ ಹುಡುಗ, ಕಾಲ್ಬೆರಳಲ್ಲಿ ಮಣ್ಣು ಕೆದಕುತ್ತಾ.

ನಾನು ಮಾಡಿದ್ದು ಇಷ್ಟೇ. ಕವಾಯತನ್ನು ಕೊನೆಗೆ ಹಾಕಿದೆ. ಮೊದಲ ಅವಧಿ ಓದಿನ ಮೂಲೆ, ಯಾರು ಬಂದರೂ ಪುಸ್ತಕ ತೆಗೆದುಕೊಂಡು ಕೂರಬಹುದು. ಹಾಜರಿ ಒಂಬತ್ತಕ್ಕೆ. ಆದೇಶ ಬೇಕಾಗಲಿಲ್ಲ, ದುಡ್ಡು ಬೇಕಾಗಲಿಲ್ಲ. ಹನ್ನೊಂದರಲ್ಲಿ ಏಳು ಮಕ್ಕಳು ಬರತೊಡಗಿದರು. ಉಳಿದ ನಾಲ್ವರು ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಅದರಲ್ಲಿ ಇಬ್ಬರ ಅಪ್ಪ ಅಮ್ಮ ಕಬ್ಬು ಕಡಿಯಲು ಹೋಗುತ್ತಾರೆ, ಅದು ನನ್ನ ವೇಳಾಪಟ್ಟಿಯಿಂದ ಸರಿಹೋಗುವ ವಿಷಯ ಅಲ್ಲ.

ಹಾಗಾಗಿ ಸರ್, ಕುರ್ಚಿಗಾಗಿ ಓದಬೇಡಿ. ಸೇರಿದ ತಾರೀಖು ನಿಮಗೆ ಅದನ್ನು ತಾನಾಗಿ ಕೊಡುತ್ತದೆ. ಇನ್ನು ಇಪ್ಪತ್ತು ವರ್ಷ ಆದಮೇಲೆ ಅಂತ ಇಟ್ಟುಕೊಳ್ಳಿ. ಆದರೆ ಪ್ರಭಾರ ಯಾವ ಸೋಮವಾರ ಬೇಕಾದರೂ ಬರಬಹುದು, ಅದಕ್ಕೆ ಜ್ಯೇಷ್ಠತೆ ಜಾಸ್ತಿ ಬೇಕಿಲ್ಲ, ನಿಮ್ಮ ಶಾಲೆಯಲ್ಲಿ ನಿಮಗಿಂತ ಹಿರಿಯರು ವರ್ಗಾವಣೆ ಆದರೆ ಸಾಕು. ಮಾತಾಡುವ ಮುಂಚೆ ಎಣಿಸಿ ನೋಡುವ ಅಭ್ಯಾಸ ನನಗೆ ಆ ಎಂ.ಎ.ಯಿಂದ ಬಂತು. ಓದದೆಯೂ ಅದು ಬಂದವರಿದ್ದಾರೆ. ನನಗೆ ಬಂದಿರಲಿಲ್ಲ.

ಜೂನ್‌ನಲ್ಲಿ ನಮಗೆ ಹೊಸ ಎಚ್.ಎಂ. ಬಂದರು. ಸಂಭಾವಿತರು, ಎರಡೂವರೆ ವರ್ಷ ಸರ್ವಿಸ್ ಉಳಿದಿದೆ. ಗೊಂಚಲು ಕೊಟ್ಟೆ. "ಇವೆರಡು ಯಾವುದರವು ಮೇಡಂ?" ಅಂದರು. ನಂಗೂ ಹಾಗೇ ಸಿಕ್ಕಿದ್ದು ಸರ್ ಅಂದೆ. ಹೋದ ವಾರ ಅವರು ಹೊಸ ವೇಳಾಪಟ್ಟಿ ಹಾಕಿದ್ದಾರೆ. ಶನಿವಾರ ಎಂಟಕ್ಕೆ ಕವಾಯತು, ಎಲ್ಲ ಕಡೆ ಇರುವ ಹಾಗೆ. ನಿನ್ನೆ ಗೀಟು ಹಾಕಿದ ಹಾಳೆ ತೆಗೆದುಕೊಂಡು ಅವರ ಟೇಬಲ್ ಮೇಲೆ ಇಟ್ಟು ಬಂದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿದರು. "ನೋಡೋಣ ಮೇಡಂ" ಅಂದಿದ್ದಾರೆ. ನಾಡಿದ್ದು ಶನಿವಾರ.