ಪರ-ವಿರೋಧ: ಪ್ರಭುತ್ವದ ಕಣ್ಗಾವಲಿನ ಕಾದಂಬರಿಗಳು ನಮ್ಮ ಸ್ವಾತಂತ್ರ್ಯ ಕಾಯಬಲ್ಲವೇ?

ಪರ

ಬೆಂಗಳೂರಿನ ಫ್ರೀಡಂ ಪಾರ್ಕಿನ ಕಾವಲು ಗೋಪುರದ ಕೆಳಗೆ ನಿಂತಾಗಲೆಲ್ಲ ನನಗೆ ಜಾರ್ಜ್ ಆರ್ವೆಲ್‌ರ ‘1984’ ನೆನಪಾಗುತ್ತದೆ. 1949ರಲ್ಲಿ ಅಚ್ಚಾದ ಆ ಕಾದಂಬರಿಯ ವಿನ್‌ಸ್ಟನ್, ಪ್ರಭುತ್ವ ಜನರ ಮೇಲೆ ಕಣ್ಣಿಡಲು ಹಾಕಿದ ಗೋಡೆಯ ಟೆಲಿಸ್ಕ್ರೀನ್‌ಗೆ ಕಾಣದ ಮೂಲೆಯಲ್ಲಿ ಕೂತು ಡೈರಿ ಬರೆಯುತ್ತಾನೆ. ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. ಅದು ಲಂಡನ್ನಿನ ಕಥೆ, ನಿಜ. ಆದರೆ ಈ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿತ್ತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಇಲ್ಲೇ ಕೂಡಿಹಾಕಿದ್ದರು. ಆಸ್ತಮಾದಿಂದ ಒದ್ದಾಡುತ್ತಲೇ ಅವರೂ ಡೈರಿ ಬರೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. (ಇವತ್ತು ನಗರದಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿರುವುದೂ ಇದೇ ಆವರಣವನ್ನೇ!)

ಯಾರನ್ನು ಎಂದು ಬಂಧಿಸಿದರು ಎಂಬುದನ್ನು ಇತಿಹಾಸ ಹೇಳುತ್ತದೆ. ಭಯ ಮನೆಯೊಳಗೆ ಹೇಗೆ ನುಸುಳುತ್ತದೆ ಎನ್ನುವುದು ಕಾದಂಬರಿಯಲ್ಲೇ ಕಾಣಬೇಕು. ವಿನ್‌ಸ್ಟನ್‌ನ ನೆರೆಯವನು ನಿದ್ದೆಯಲ್ಲಿ ಏನೋ ಬಡಬಡಿಸುತ್ತಾನೆ. ಬಾಗಿಲಿಗೆ ಕಿವಿಗೊಟ್ಟು ಕೇಳಿದ ಏಳು ವರ್ಷದ ಮಗಳೇ ಅವನನ್ನು ಹಿಡಿದುಕೊಡುತ್ತಾಳೆ. ಸೆರೆಯಲ್ಲಿ ಕೂತ ಆ ಅಪ್ಪನಿಗೆ ಮಗಳ ಬಗ್ಗೆ ಹೆಮ್ಮೆ! ಇಪ್ಪತ್ತು ವರ್ಷದ ಹಿಂದೆ ಓದಿದ್ದು, ಈಗಲೂ ಮೈ ಜುಮ್ಮೆನ್ನುತ್ತದೆ. ಯಾರಾದರೂ ‘ತಪ್ಪು ಮಾಡದವನಿಗೆ ಭಯವೇಕೆ’ ಎಂದಾಗ ನನ್ನ ಕಣ್ಣಮುಂದೆ ಬರುವುದು ಆ ಅಪ್ಪ.

ವಿರೋಧ

ನನಗೂ ಆ ಪುಸ್ತಕ ಇಷ್ಟ. ಆದರೆ ಅದು ನನ್ನ ಕಣ್ಣನ್ನು ಬಹಳ ವರ್ಷ ಒಂದೇ ಕಡೆ ನೆಟ್ಟಿತ್ತು. ವಿಧಾನಸೌಧ, ದೆಹಲಿ, ಪೊಲೀಸು. ಅಷ್ಟೇ.

‘1984’ರಲ್ಲಿ ಟೆಲಿಸ್ಕ್ರೀನ್ ಇರುವುದು ಆಳುವ ಪಕ್ಷದವರ ಮನೆಗಳಲ್ಲಿ. ‘ಪ್ರೋಲ್’ ಎನಿಸಿಕೊಂಡ ದುಡಿಯುವ ಜನರಲ್ಲಿ ಹೆಚ್ಚಿನವರ ಮನೆಯಲ್ಲಿ ಅದು ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ನಾನು ಕಂಡದ್ದು ಇದರ ತಿರುವುಮುರುವು. ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಮನೆಗೆಲಸದಾಕೆ ಗೇಟಿನಲ್ಲಿ ತನ್ನ ನಂಬರ್ ಒತ್ತಿಯೇ ಒಳಗೆ ಬರಬೇಕು. ಬಂದದ್ದು, ಹೋದದ್ದು, ಎಷ್ಟು ನಿಮಿಷ ತಡ ಎಲ್ಲವೂ ನಮ್ಮ ಫೋನಿಗೆ ಬರುತ್ತದೆ. ಹೊರಡುವಾಗ ಚೀಲ ಬಿಚ್ಚಿ ತೋರಿಸಬೇಕು. ಮೊನ್ನೆ ಸಂಜೆ ಆಕೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ನಾನೇ ಕೊಟ್ಟಿದ್ದ ಚಿತ್ರಾನ್ನವನ್ನು ಸೆಕ್ಯೂರಿಟಿಯವನ ಮುಂದೆ ಹಿಡಿದು ನಿಂತಿದ್ದಳು. ಹಿಂದೆಯೇ ನಾನು ಕಾರಿನಲ್ಲಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಗೇಟು ತೆರೆಯಿತು. ಈ ನಿಯಮ ಮಾಡಿದ್ದು ಯಾವ ಸರ್ಕಾರವೂ ಅಲ್ಲ, ಸಭೆಯಲ್ಲಿ ಕೈಯೆತ್ತಿದ ನಾವು. ಕೈಯೆತ್ತಿದವರಲ್ಲಿ ‘1984’ ಓದಿದವರು ಇದ್ದರು, ನಾನೂ ಸೇರಿದಂತೆ.

ಇನ್ನು ಸರ್ಕಾರದ ಮಾತಿಗೇ ಬಂದರೂ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕಾದಂಬರಿ ಓದಿದವರ ಆತಂಕದಿಂದಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದರು. ಅರ್ಜಿ ಬರೆಯುವುದರಲ್ಲಿ ಕಾದಂಬರಿಯ ರೋಮಾಂಚನವಿಲ್ಲ, ಆದರೆ ಕೆಲಸ ಆದದ್ದು ಅದರಿಂದ.

ಮುಂದಿನ ಭಾನುವಾರ ನಮ್ಮ ಅಸೋಸಿಯೇಷನ್ ಸಭೆಯಿದೆ. ಚೀಲ ಬಿಚ್ಚಿಸುವುದನ್ನು ನಿಲ್ಲಿಸಬೇಕೆಂದು ಒಂದು ಪುಟ ಬರೆದು ಸೆಕ್ರೆಟರಿಯವರಿಗೆ ಕೊಟ್ಟಿದ್ದೇನೆ. ಇನ್ನೂ ಇಬ್ಬರ ಸಹಿ ಬೇಕಂತೆ.