ಯಾಕ ಅಂತ ಕೇಳಿದರ ತಪ್ಪೇನದ?

ಹೋದ ಜುಲೈನಲ್ಲಿ ರಜೆಗೆ ಊರಿಗೆ ಬಂದಿದ್ದೆವು. ಒಂದು ಸೋಮವಾರ ಅಣ್ಣ, ವೈನಿ, ನಾನು, ನನ್ನ ಮಗ ಕೂಡಿ ಕಲಬುರಗಿಯಿಂದ ಬಸವಕಲ್ಯಾಣದ ಬಸ್ ಹತ್ತಿದೆವು. ವೈನಿ ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯ ಟಿಕೆಟ್ ತಗೊಂಡರು. ಕಂಡಕ್ಟರ್ ಮಗನ ಕಡೆ ನೋಡಿ, "ಈ ಹುಡುಗಗ ವಯಸ್ಸೆಷ್ಟು?" ಅಂದ.

"ಹನ್ನೊಂದು ನಡದದ. ಅರ್ಧ ಕೊಡ್ರಿ," ಅಂದ ಅಣ್ಣ.

ಮಗನಿಗೆ ಹದಿಮೂರು. ಬರ್ಲಿನ್‌ನಲ್ಲಿ ಹುಟ್ಟಿ ಬೆಳೆದವನಾದರೂ ಮನೆಯ ಮಾತು ಚಲೋ ಬರುತ್ತದೆ ಅವನಿಗೆ. "ಇಲ್ರಿ, ನನಗ ಹದಿಮೂರು," ಅಂದುಬಿಟ್ಟ.

ಕಂಡಕ್ಟರ್ ನಕ್ಕು ಪೂರಾ ಟಿಕೆಟ್ ಕೊಟ್ಟ. ಅಣ್ಣನ ಮುಖ ಇಳಿಯಿತು. "ತಮ್ಮಾ, ದೊಡ್ಡವರು ಮಾತಾಡುವಾಗ ನಡುವ ಬಾಯಿ ಹಾಕಬಾರದು."

"ಯಾಕ ದೊಡ್ಡಪ್ಪ? ನೀವು ಹನ್ನೊಂದು ಅಂತ ಯಾಕ ಹೇಳಿದ್ರಿ?"

ಅಣ್ಣ ಕಿಟಕಿಯ ಆಚೆ ನೋಡತೊಡಗಿದ. ಹೊಲಗಳಲ್ಲಿ ತೊಗರಿ ಆಗಷ್ಟೇ ಎದ್ದಿತ್ತು. ಮಗ ನನ್ನ ಮುಖ ನೋಡಿದ. ನಾನು "ಸುಮ್ಮಕುಂದುರು" ಅಂದೆ. ನನ್ನ ಅಪ್ಪ ನನಗೆ ಸಾವಿರ ಸಲ ಅಂದ ಮಾತು ಅದು. ನನ್ನ ಮಗನಿಗೆ ಎಂದೂ ಅನ್ನಬಾರದು ಅಂದುಕೊಂಡಿದ್ದ ಮಾತೂ ಅದೇ. ಕಮಲಾಪುರ ಬರುವತನಕ ಯಾರೂ ಮಾತಾಡಲಿಲ್ಲ. ಅಲ್ಲಿ ಅಣ್ಣ ಇಳಿದು ಹೋಗಿ ಒಂದು ಡಜನ್ ಕೆಂಪು ಬಾಳೆಹಣ್ಣು ತಂದು ಮಗನ ತೊಡೆ ಮೇಲೆ ಇಟ್ಟ. ಟಿಕೆಟ್ಟಿನಲ್ಲಿ ಉಳಿಯಬೇಕಿದ್ದ ರೊಕ್ಕಕ್ಕಿಂತ ಹೆಚ್ಚೇ ಆ ಹಣ್ಣಿಗೆ ಹೋಗಿರಬೇಕು.

ಅಂದರೆ ಅಣ್ಣ ಜಿಪುಣನಲ್ಲ, ಕೆಟ್ಟವನೂ ಅಲ್ಲ. ನನಗೆ ನೋವಾದದ್ದು ಆ ಸುಳ್ಳಿಗಲ್ಲ, ಆ ಮೌನಕ್ಕೆ. ನಮ್ಮ ಕಡೆ ಸರಿ-ತಪ್ಪು ಯಾವಾಗಲೂ ತೀರ್ಪಾಗಿಯೇ ಕೈಗೆ ಬರುತ್ತದೆ. ನಾನು ಓದಿದ ಶಾಲೆಯಲ್ಲಿ ಶನಿವಾರ ಮುಂಜಾನೆ ನೀತಿ ಪಾಠ ಇರುತ್ತಿತ್ತು. ಗುರುಗಳು ಕಥೆ ಹೇಳುವರು, ಕೊನೆಗೆ ಬೋರ್ಡಿನ ಮೇಲೆ "ನೀತಿ" ಅಂತ ಬರೆದು ಕೆಳಗೆ ಗೆರೆ ಎಳೆಯುವರು. ನಾವು ಆ ಸಾಲನ್ನು ಮೂರು ಸಲ ಬರೆದು ತೋರಿಸಬೇಕು. ಹಾಗಲ್ಲದೆ ಬೇರೆ ಥರ ಆಗಬಹುದಿತ್ತೇ ಅಂತ ಒಮ್ಮೆಯೂ ಯಾರೂ ಕೇಳಲಿಲ್ಲ. ಮನೆಯಲ್ಲಿ ಕೇಳಿದರೆ "ಮಂದಿ ಏನಂತಾರ" ಅನ್ನುವುದೇ ಮೊದಲ ಕಾರಣ, ಅದೇ ಕೊನೆಯ ಕಾರಣ.

ಬರ್ಲಿನ್‌ನಲ್ಲಿ 2006ರಿಂದ ಏಳನೇ ತರಗತಿಯಿಂದ ಹತ್ತರವರೆಗೆ ನೀತಿಶಾಸ್ತ್ರ ಕಡ್ಡಾಯ ವಿಷಯ. ಅದರ ಬದಲು ಧರ್ಮದ ಪಾಠ ಆರಿಸಿಕೊಳ್ಳುವ ಅವಕಾಶ ಇರಲಿ ಎಂದು 2009ರಲ್ಲಿ ಜನಮತ ನಡೆದು ಸೋತಿತು. ಮಗ ಆ ತರಗತಿಯಿಂದ ಮೊದಲ ಸಲ ತಂದ ಪ್ರಶ್ನೆ ನನಗೆ ನೆನಪಿದೆ. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಬರೆದ ಲೇಖನವೊಂದರದ್ದು. ಕೊಲೆಗಾರನೊಬ್ಬ ನಿಮ್ಮ ಬಾಗಿಲಿಗೆ ಬಂದು, ನಿಮ್ಮ ಗೆಳೆಯ ಒಳಗೆ ಅಡಗಿದ್ದಾನೇನು ಅಂತ ಕೇಳುತ್ತಾನೆ. ಇಲ್ಲ ಅಂತ ಸುಳ್ಳು ಹೇಳಬಹುದೇ? ಕೂಡದು ಅನ್ನುತ್ತಾನೆ ಕಾಂಟ್. ಮಾತಿನ ಮೇಲಿನ ಭರವಸೆ ಹೋದರೆ ಮನುಷ್ಯರ ನಡುವಿನ ಯಾವ ಕರಾರೂ ನಿಲ್ಲುವುದಿಲ್ಲ. ಮೇಲಾಗಿ, ನೀವು ಸುಳ್ಳು ಹೇಳುವ ಹೊತ್ತಿಗೆ ಗೆಳೆಯ ಹಿತ್ತಲಿನಿಂದ ಜಾರಿಕೊಂಡಿದ್ದು, ನಿಮ್ಮ ಮಾತು ನಂಬಿ ಹೊರಟ ಕೊಲೆಗಾರನಿಗೆ ದಾರಿಯಲ್ಲೇ ಸಿಕ್ಕರೆ? ಆ ಸಾವಿನ ಹೊಣೆ ಸುಳ್ಳಾಡಿದವನದು. ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್‌ನ ದಾರಿ ಹಿಡಿದವರು ಬೇರೆ ಲೆಕ್ಕ ಹಾಕುತ್ತಾರೆ: ಯಾವುದರಿಂದ ಒಟ್ಟು ನೋವು ಕಡಿಮೆಯೋ ಅದು ಸರಿ.

ಮಕ್ಕಳು ಯಾವ ಪಕ್ಷವನ್ನಾದರೂ ಹಿಡಿಯಬಹುದು. ಮಾರ್ಕು ಬರುವುದು ಪಕ್ಷಕ್ಕಲ್ಲ, ಕೊಟ್ಟ ಕಾರಣಕ್ಕೆ. ಮಗನ ಹಾಳೆಯ ಪಕ್ಕದಲ್ಲಿ ಟೀಚರ್ ಬರೆದದ್ದು ಒಂದೇ ಸಾಲು: "ನಿನ್ನ ಎದುರಿನವನು ಇದಕ್ಕೆ ಏನೆಂದಾನು?" ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಹದಿಮೂರಕ್ಕೆ ಈ ಪ್ರಶ್ನೆ ನನಗೂ ಸಿಕ್ಕಿದ್ದರೆ ಅನ್ನಿಸಿತು.

ಬಸವಕಲ್ಯಾಣದಲ್ಲಿ ನಿಂತಾಗ ಈ ಸಿಟ್ಟು ಇನ್ನಷ್ಟು ಏರಿತು. ಹನ್ನೆರಡನೇ ಶತಮಾನದಲ್ಲಿ ಮಾದರು, ಅಂಬಿಗರು, ಹೆಣ್ಣುಮಕ್ಕಳು ಅಲ್ಲಮನ ಎದುರು ಕೂತು ಪ್ರಶ್ನೆ ಕೇಳಿದ ನೆಲ ಅದು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮಗನಿಗೆ ಅಲ್ಲೇ ಹೇಳಿದೆ. ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕ ಅವಳ ಗಂಡ ಮಾರಯ್ಯನದು. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಅದು ಕದ್ದದ್ದಲ್ಲ, ಯಾರೂ ಬೇಡ ಅಂದದ್ದೂ ಅಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ, ಇಷ್ಟು ನಮಗೆ ಯಾಕೆ ಅಂತ ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಮಗ ಸ್ವಲ್ಪ ಹೊತ್ತು ಯೋಚಿಸಿ, "ಕಾಂಟ್‌ನ ಲೆಕ್ಕದಾಗ ಮಾರಯ್ಯ ತಪ್ಪೇ ಮಾಡಿಲ್ಲಲ್ಲ ಪಪ್ಪಾ," ಅಂದ. ಗಂಡನನ್ನು "ಯಾಕೆ" ಅಂತ ಕೇಳಿದ ಹೆಣ್ಣುಮಗಳ ವಚನ ನಮ್ಮ ಬಾಯಲ್ಲಿದೆ. ಅದೇ ನೆಲಕ್ಕೆ ಹೋಗುವ ಬಸ್ಸಿನಲ್ಲಿ "ಯಾಕೆ" ಅಂದ ಹುಡುಗನಿಗೆ ಸುಮ್ಮಕುಂದುರು ಅನ್ನುತ್ತೇವೆ. ಇದು ನನಗೆ ಸಹಿಸಲಾಗುವುದಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ-ಮಗ ಹಿಂದಿನ ಸೀಟಿನಲ್ಲಿ ಕೂತು ಅರ್ಧ ಟಿಕೆಟ್ಟಿನ ಮಾತು ಮತ್ತೆ ತೆಗೆದೆವು. ಎಲ್ಲರೂ ವಯಸ್ಸು ಇಳಿಸಿ ಹೇಳಿದರೆ ಕಂಡಕ್ಟರ್ ಕೇಳುವ ಪ್ರಶ್ನೆಗೇ ಅರ್ಥ ಇರುವುದಿಲ್ಲ ಅಂದ ಮಗ. ಆಗ ನನಗೆ ನಮ್ಮ ಆಯಿ, ಅಂದರೆ ಅಜ್ಜಿ, ನೆನಪಾದಳು.

1948ರ ಸೆಪ್ಟೆಂಬರ್. ಹೈದರಾಬಾದ್ ಸಂಸ್ಥಾನದ ಮೇಲೆ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ಆಳಿಕೆ ಬಿದ್ದಿತ್ತು. ನಿಜಾಮನ ಪರ ಹೊಡೆದಾಡಿದ ರಜಾಕಾರರ ಮೇಲಿನ ಸೇಡನ್ನು ಏನೂ ಮಾಡದ ಮುಸಲ್ಮಾನರ ಮೇಲೆ ತೀರಿಸಿಕೊಂಡ ದಿನಗಳು. ಆಳಂದ ಕಡೆಯ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆ ಪಿಂಜಾರರದು. ಗಂಡ, ಹೆಂಡತಿ, ಎರಡು ಕೂಸು. ನಮ್ಮ ಅಂಗಳದ ಹಗೇವಿನಿಂದ, ಅಂದರೆ ಕಾಳು ಕೂಡಿಡುವ ನೆಲದ ಗುಂಡಿಯಿಂದ, ಜೋಳ ತೆಗೆದು ಗಾಳಿಗೆ ಬಿಟ್ಟಿದ್ದರು. ಆಯಿ ಆ ನಾಲ್ಕೂ ಮಂದಿಯನ್ನು ಅದರೊಳಗೆ ಇಳಿಸಿ, ಉಸಿರಾಡಲು ಸಂದು ಬಿಟ್ಟು ಮೇಲೆ ಕಣಿಕೆ ಹೊರಿ ಒಟ್ಟಿದಳು. ಕೊಡಲಿ ಹಿಡಿದು ಬಂದವರು ಆಯಿ ಇಲ್ಲ ಅಂದದ್ದನ್ನು ನಂಬಲಿಲ್ಲ, ಲಿಂಗ ಮುಟ್ಟಿ ಹೇಳು ಅಂದರು. ಆಯಿ ಕೊರಳಿನ ಲಿಂಗ ಹಿಡಿದು "ನಮ್ಮ ಮನ್ಯಾಗ ಯಾರೂ ಇಲ್ಲ" ಅಂದಳು. ಅವರು ಹೋದರು.

ಹುಡುಗನಾಗಿದ್ದಾಗ ನಾನು ಕೇಳಿದ್ದೆ, "ಆಯಿ, ಸುಳ್ಳು ಹೇಳಿದ್ದು ಸರಿ ಏನು?" ಅವಳು ಹೇಳಿದ್ದು ಇಷ್ಟೇ: "ಸುಳ್ಳು ಸುಳ್ಳೇ ಅದ. ಅವರು ಉಳದದ್ದೂ ಖರೇನೇ ಅದ." ಆಮೇಲೆ ಸಾಯುವತನಕ ಸೋಮವಾರ ಒಪ್ಪತ್ತು ಮಾಡಿದಳು. ಮಂದಿ ಅದನ್ನು ಶಿವನ ವ್ರತ ಅಂದುಕೊಂಡಿದ್ದರು. ಆ ಆಣೆಯ ಬಾಕಿ ಅದು ಅಂತ ಮನೆಯವರಿಗಷ್ಟೇ ಗೊತ್ತು.

ಶಾಲೆ ಶುರುವಾದ ಮೇಲೆ ಮಗ ಇದನ್ನು ತರಗತಿಯಲ್ಲಿ ಹೇಳಿದನಂತೆ. ಆಯಿ ಸರಿ ಅಂತ ಬಹಳ ಮಕ್ಕಳು ವಾದಿಸಿದರು. ದೊಡ್ಡಪ್ಪನ ಸುಳ್ಳಿನ ಲಾಭ ಹೇಳಿದವನಿಗೇ, ಆಯಿಯ ಸುಳ್ಳಿನ ಅಪಾಯವೂ ಹೇಳಿದವಳಿಗೇ, ವ್ಯತ್ಯಾಸ ಅಲ್ಲಿದೆ ಅಂದನಂತೆ ನನ್ನ ಮಗ. ಆಗ ಒಬ್ಬ ಹುಡುಗಿ ಕೇಳಿದಳು: ಮಾಡಿದ್ದು ಸರಿ ಅಂತ ಗೊತ್ತಿದ್ದ ಮೇಲೆ ಆಕೆ ಉಪವಾಸ ಯಾಕೆ ಮಾಡಿದಳು? ಗಂಟೆ ಹೊಡೆಯುವತನಕ ಯಾರಿಗೂ ಉತ್ತರ ಹೊಳೆಯಲಿಲ್ಲ, ಟೀಚರಿಗೂ.

ಇದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ, ಆದರೂ ಹೇಳಬೇಕು. ಸರಿಯಾದದ್ದನ್ನು ಮಾಡಿಯೂ ಅದರ ಭಾರ ಹೊತ್ತುಕೊಳ್ಳುವುದು ಆ ತರಗತಿಯ ಹಾಳೆಗೆ ಬಂದದ್ದನ್ನು ನಾನು ನೋಡಿಲ್ಲ. ಓದು ಬಾರದ ಆಯಿಗೆ ಅದು ತಿಳಿದಿತ್ತು. ಹಾಗಂತ "ಸುಮ್ಮಕುಂದುರು" ಸರಿ ಅಂತ ನಾನು ಒಪ್ಪುವುದಿಲ್ಲ. ಆಯಿ ಕೂಡ ಹೇಳಿದ್ದು ನಾನು ಕೇಳಿದ್ದಕ್ಕೇ. ಕೇಳದಿದ್ದರೆ ಆ ಮಾತು ಅವಳ ಜೊತೆಗೇ ಹೋಗುತ್ತಿತ್ತು.

ಮೊನ್ನೆ ವೈನಿಗೆ ಫೋನ್ ಮಾಡಿ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಲ್ಯಾಣದಾಗ ದಾಸೋಹದಾಗ ನಿಮ್ಮ ಅಣ್ಣ ಉಣಲಾರದೆ ಎದ್ದು ಹ್ವಾದದ್ದು ನೋಡಿದ್ರಿಲ್ಲ?" ಅಂದರು. ನೋಡಿದ್ದೆ. ಟಿಕೆಟ್ಟಿನ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡಿದ್ದೆ.

"ಅವತ್ತು ಸೋಮವಾರ ಇತ್ತು. ಆಯಿ ಹ್ವಾದಾಗಿಂದ ಅವರೇ ಹಿಡದಾರ. ಆಯಿದು ಬಾಕಿ ಇನ್ನೂ ಮುಗದಿಲ್ಲ ಅಂತಾರ."

ಮಗ ಪಕ್ಕದಲ್ಲೇ ಕೂತಿದ್ದ. "ದೊಡ್ಡಪ್ಪಗ ಫೋನ್ ಕೊಡ್ರಿ, ಯಾಕ ಅಂತ ಕೇಳತೀನಿ," ಅಂದ. ಫೋನ್ ಅವನ ಕೈಗೆ ಕೊಟ್ಟೆ.